ಬಲಕ್ಕೆ ವಾಲದ ಟೈರು

ನಮ್ಮಪ್ಪ ಬೈಕಿನ ಹಿಂದಿನ ಸೀಟಿನಲ್ಲಿ ಕೂರುವುದಿಲ್ಲ ಎಂಬುದು ನಮ್ಮ ಮನೆಯಲ್ಲಿ ಅವರು ಬದನೆಕಾಯಿ ತಿನ್ನುವುದಿಲ್ಲ ಎಂಬಷ್ಟೇ ಹಳೆಯ ವಿಷಯ. ಯಾರೂ ಕೇಳುತ್ತಿರಲಿಲ್ಲ, ಅವರೂ ಕಾರಣ ಹೇಳುತ್ತಿರಲಿಲ್ಲ. ವಿಮಾನಪುರದ ದೊಡ್ಡ ಕಾರ್ಖಾನೆಯಲ್ಲಿ, ವಿಮಾನದ ಚಕ್ರ ಬಿಚ್ಚಿ ಟೈರು ಪರೀಕ್ಷಿಸುವ ವಿಭಾಗದಲ್ಲಿ ಅವರ ಕೆಲಸ. ಹೊಸ ತಿಪ್ಪಸಂದ್ರದ ನಮ್ಮ ಮನೆಯಿಂದ ಕಾರ್ಖಾನೆಯ ಗೇಟಿಗೆ ಸೈಕಲ್ಲಿನಲ್ಲಿ ಹೋಗುವುದು, ಸೈಕಲ್ಲಿನಲ್ಲೇ ಬರುವುದು. ದಾರಿಯಲ್ಲಿ ಸೈಕಲ್ ಪಂಚರಾಗಿ ತಳ್ಳಿಕೊಂಡು ಬರುವಾಗ ಯಾರಾದರೂ ಸ್ಕೂಟರ್ ನಿಲ್ಲಿಸಿ ‘ಬನ್ನಿ ಸಾರ್, ಬಿಡ್ತೀನಿ’ ಅಂದರೆ, ‘ಇಲ್ಲೇ ಸ್ವಲ್ಪ ಕೆಲಸ ಇದೆ’ ಅಂತ ಯಾವುದಾದರೂ ಅಂಗಡಿಗೆ ನುಗ್ಗಿಬಿಡುತ್ತಿದ್ದರು. ಹೀಗೆ ಒಮ್ಮೆ ಬಳೆ ಅಂಗಡಿಗೆ ನುಗ್ಗಿದ್ದನ್ನು ಅಮ್ಮ ಕಣ್ಣಾರೆ ಕಂಡಿದ್ದಳು.

ಇಂಥವರ ಮಗಳಾದ ನಾನು ಕೊಂಡದ್ದು ಸ್ಪೋರ್ಟ್ಸ್ ಬೈಕು. ಎರಡು ಸಾವಿರದ ಇಸವಿ ದಾಟಿದ ಹೊಸತು. ಇಂದಿರಾನಗರದ ಒಂದು ವಿಮಾ ಕಚೇರಿಯಲ್ಲಿ ನನಗೆ ಕೆಲಸ ಸಿಕ್ಕಿತ್ತು. ಅಲ್ಲಿನ ಸಹೋದ್ಯೋಗಿಯೊಬ್ಬನಿಗೆ ಮದುವೆ ಗೊತ್ತಾಯಿತು, ಮದುವೆಯಾಗುವ ಹುಡುಗಿಗೆ ಆ ಎತ್ತರದ ಹಿಂದಿನ ಸೀಟು ಒಪ್ಪಿಗೆಯಾಗಲಿಲ್ಲ, ಅವನು ಸ್ಕೂಟರಿಗೆ ಇಳಿದ. ಗಾಡಿ ನನ್ನ ಪಾಲಿಗೆ ಬಂತು. ಪಾಪ, ಕೊಡುವಾಗ ಮುಂದಕ್ಕೂ ಹಿಂದಕ್ಕೂ ಹೊಸ ಟೈರು ಹಾಕಿಸಿಯೇ ಕೊಟ್ಟಿದ್ದ. ಕೆಂಪು ಬಣ್ಣ, ಮುಂದಕ್ಕೆ ಬಗ್ಗಿ ಹಿಡಿಯಬೇಕಾದ ಹ್ಯಾಂಡಲ್ಲು. ನಮ್ಮ ಬೀದಿಯಲ್ಲಿ ಹೆಂಗಸರು ಮೊಪೆಡ್ ಓಡಿಸುತ್ತಿದ್ದರು, ಸ್ಕೂಟರ್ ಓಡಿಸುತ್ತಿದ್ದರು, ಇಂಥದ್ದನ್ನು ಯಾರೂ ಓಡಿಸುತ್ತಿರಲಿಲ್ಲ. ಮೊದಲ ದಿನ ಅಮ್ಮ ಅದನ್ನು ಮೇಲಿಂದ ಕೆಳಗೆ ನೋಡಿ, ‘ಇದರ ಮೇಲೆ ಕೂತ್ಕೋತೀಯೋ ಮಲಗ್ತೀಯೋ?’ ಅಂತ ಕೇಳಿದ್ದಳು. ಅಪ್ಪ ಗಾಡಿಯನ್ನು ಒಂದು ಸುತ್ತು ಹಾಕಿ ಒಳಗೆ ಹೋಗಿ ಕಾಫಿ ಕುಡಿದರು.

ಗಾಡಿ ಬಂದು ಎರಡು ವರ್ಷವಾಗುವ ಹೊತ್ತಿಗೆ ಅಪ್ಪ ರಿಟೈರಾಗುವ ತಿಂಗಳು ಹತ್ತಿರ ಬಂತು. ಕಾರ್ಖಾನೆಯವರಲ್ಲಿ ಒಂದು ರೂಢಿ ಇದೆ. ಕಡೆಯ ದಿನ ರಿಟೈರಾಗುವವರಿಗೆ ಹಾರ ಹಾಕಿ, ಶಾಲು ಹೊದಿಸಿ, ವಿಭಾಗದವರೆಲ್ಲ ಸೇರಿ ಜೀಪಿನಲ್ಲೋ ವ್ಯಾನಿನಲ್ಲೋ ಮನೆಯ ತನಕ ಬಂದು ಬಿಟ್ಟು, ಕೇಸರಿಬಾತು ತಿಂದು ಹೋಗುತ್ತಾರೆ. ಆವತ್ತು ಯಾರೂ ತಮ್ಮ ಸೈಕಲ್ ತುಳಿದುಕೊಂಡು ಬರುವುದಿಲ್ಲ. ನಮ್ಮ ಬೀದಿಯಲ್ಲೇ ಇಂಥ ಜೀಪುಗಳು ಎಷ್ಟೋ ಬಂದು ಹೋಗಿದ್ದವು. ನನಗೆ ಮಾತ್ರ, ನಮ್ಮಪ್ಪ ಜೀಪಿನಲ್ಲಿ ಬರಬಾರದು, ನನ್ನ ಬೈಕಿನ ಹಿಂದೆ ಕೂತು ಬರಬೇಕು ಅಂತ ತಲೆಗೆ ಹೊಕ್ಕಿಬಿಟ್ಟಿತು.

ಅದಕ್ಕೆ ಕಾರಣ ದೊಡ್ಡದೇನಲ್ಲ. ನಾನು ಪ್ರೈಮರಿ ಶಾಲೆಗೆ ಹೋದದ್ದೆಲ್ಲ ಅಪ್ಪನ ಸೈಕಲ್ಲಿನ ಮುಂದಿನ ಬಾರಿನ ಮೇಲೆ. ಕಬ್ಬಿಣ ಒತ್ತದಿರಲೆಂದು ಬಾರಿಗೆ ಟವೆಲ್ ಸುತ್ತಿ ಕಟ್ಟುತ್ತಿದ್ದರು. ಏರು ಬಂದಾಗ ಅವರ ಉಸಿರು ನನ್ನ ನೆತ್ತಿಗೆ ತಾಗುತ್ತಿತ್ತು, ಅದರಲ್ಲಿ ಯಾಲಕ್ಕಿಯ ವಾಸನೆ ಇರುತ್ತಿತ್ತು. ನಾನು ಅಲುಗಾಡಿದರೆ ‘ವಾಲಬೇಡ, ನೆಟ್ಟಗೆ ಕೂತ್ಕೊ’ ಅನ್ನುತ್ತಿದ್ದರು. ಅಷ್ಟು ವರ್ಷ ನನ್ನನ್ನು ಹೊತ್ತು ತುಳಿದ ಮನುಷ್ಯನನ್ನು ಒಂದೇ ಒಂದು ಸಲ ನಾನು ಕೂರಿಸಿಕೊಂಡು ಬರಬೇಕು. ಇದಕ್ಕಿಂತ ಬೇರೆ ಆಸೆ ಇರಲಿಲ್ಲ.

ಒಂದು ದಿನ ಬೆಳಿಗ್ಗೆ ಕಾಫಿ ಕುಡಿಯುವಾಗ ಕೇಳಿಯೇಬಿಟ್ಟೆ. ‘ಅಪ್ಪ, ಸೆಂಡಾಫ್ ದಿನ ಜೀಪ್ ಬೇಡ ಅಂತ ಹೇಳಿಬಿಡಿ. ನಾನು ಗೇಟಿಗೆ ಬರ್ತೀನಿ.’

ಅಪ್ಪ ಲೋಟ ಕೆಳಗಿಟ್ಟರು. ಎದ್ದು ಹೊರಗೆ ಹೋದರು. ನಾನೂ ಹಿಂದೆಯೇ ಹೋದೆ. ಅವರು ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತು, ಹಿಂದಿನ ಟೈರಿನ ಮೇಲೆ ಹೆಬ್ಬೆರಳು ಆಡಿಸಿದರು.

‘ಟೈರ್ ಸರಿ ಇಲ್ಲ’ ಅಂದರು.

‘ಟೈರ್ ಸರಿ ಇದ್ರೆ ಕೂತ್ಕೋತೀರಾ?’

‘ಟೈರ್ ಸರಿ ಇಲ್ಲ’ ಅಂತ ಮತ್ತೆ ಅದನ್ನೇ ಹೇಳಿ, ಸೈಕಲ್ ತೆಗೆದುಕೊಂಡು ಹೊರಟೇಹೋದರು. ನಾನು ಅದನ್ನು ಒಪ್ಪಿಗೆ ಅಂತಲೇ ಹಿಡಿದುಕೊಂಡೆ. ನನ್ನ ಸ್ವಭಾವವೇ ಹಾಗೆ, ಅರ್ಧ ಬಾಗಿಲು ತೆರೆದಿದ್ದರೆ ಪೂರ್ತಿ ಒಳಗೆ ಹೋಗಿ ಕೂತುಬಿಡುತ್ತೇನೆ.

ಆ ಶನಿವಾರ ಕಚೇರಿ ಮುಗಿಸಿಕೊಂಡು ಹಲಸೂರಿನ ಟೈರ್ ಅಂಗಡಿಗೆ ಹೋದೆ. ಅಂಗಡಿಯ ಯಜಮಾನರು ಮನೆಯಲ್ಲಿ ತಮಿಳು, ಗಿರಾಕಿಗಳ ಹತ್ತಿರ ಕನ್ನಡ, ಬಯ್ಯುವುದಕ್ಕೆ ಉರ್ದು ಬಳಸುವ ಹಳೆಯ ಕಂಟೋನ್ಮೆಂಟಿನ ಮನುಷ್ಯ. ಹಿಂದಿನ ಚಕ್ರವನ್ನು ಒಂದು ಸುತ್ತು ತಿರುಗಿಸಿ, ‘ಮೇಡಮ್, ಇದು ಫುಲ್ ಮೊಟ್ಟೈ. ಎರಡೂ ಚೇಂಜ್ ಮಾಡಿಬಿಡಿ’ ಅಂದರು. ಮನೆಗೆ ಬಂದು ಅಮ್ಮನಿಗೆ, ‘ಟೈರು ಪೂರ್ತಿ ಮೊಟ್ಟೆ ಆಗಿದೆಯಂತೆ’ ಅಂದೆ. ದೇವರ ಮುಂದೆ ದೀಪ ಹಚ್ಚುತ್ತಿದ್ದ ಅಮ್ಮ, ‘ಶನಿವಾರ ಸಂಜೆ ಮನೇಲಿ ಮೊಟ್ಟೆ ಹೆಸರು ಎತ್ತಬೇಡ’ ಅಂದಳು. ತಮಿಳಿನಲ್ಲಿ ಹಾಗಂದರೆ ಬೋಳು ಅಂತ, ತಿನ್ನುವ ಮೊಟ್ಟೆಗೂ ಟೈರಿಗೂ ಸಂಬಂಧ ಇಲ್ಲ ಅಂತ ನಾನು ವಿವರಿಸುವಷ್ಟರಲ್ಲಿ ಅವಳು ಒಲೆಯ ಹತ್ತಿರ ಹೋಗಿಯಾಗಿತ್ತು. ಅವಳು ಬೇಕೆಂದೇ ಹಾಗೆ ಅಂದಳೋ ಏನೋ, ಇವತ್ತಿಗೂ ನನಗೆ ಅನುಮಾನ.

ಹೊಸ ಟೈರು ಯಾವುದು ಎಂಬುದೇ ಈಗ ಪ್ರಶ್ನೆ. ಕಚೇರಿಯಲ್ಲಿ ಎಲ್ಲರದೂ ಒಂದೇ ರಾಗ. ‘ದಪ್ಪ ಟೈರ್ ಹಾಕ್ಸು ಗುರು, ಲುಕ್ ಬರುತ್ತೆ.’ ಆಗ ಹಂಡ್ರೆಡ್ ಫೀಟ್ ರೋಡಿನಲ್ಲಿ ಬೈಕ್ ನಿಲ್ಲಿಸಿಕೊಂಡು ಹರಟುವ ಹುಡುಗರೆಲ್ಲ ಹಿಂದಿನ ಚಕ್ರಕ್ಕೆ ದಪ್ಪ ಟೈರು ತುರುಕಿಸಿಕೊಂಡಿದ್ದರು. ನನಗೂ ಆಸೆಯಾಯಿತು. ಸುಳ್ಳು ಯಾಕೆ ಹೇಳಲಿ, ಲುಕ್ ಯಾರಿಗೆ ಬೇಡ? ಅಂಗಡಿಯ ಯಜಮಾನರು ಮಾತ್ರ ತಲೆ ಅಲ್ಲಾಡಿಸಿದರು. ರಿಮ್ಮು ಸಣ್ಣದು, ದಪ್ಪ ಟೈರು ಹಾಕಿದರೆ ಅಂಚುಗಳು ಹಿಂಡಿಕೊಂಡು ನಡು ಉಬ್ಬುತ್ತದೆ, ಗಾಡಿ ತಿರುಗಿಸಲು ಭಾರವಾಗುತ್ತದೆ ಅಂದರು. ಮತ್ತೆ ಗಟ್ಟಿ ರಬ್ಬರೋ ಮೆತ್ತನೆ ರಬ್ಬರೋ ಅಂತ ಕೇಳಿದರು. ಗಟ್ಟಿಯದು ಬಹಳ ದಿನ ಬರುತ್ತದೆ, ಮೆತ್ತನೆಯದು ಬೇಗ ಸವೆಯುತ್ತದೆ, ಆದರೆ ರಸ್ತೆಯನ್ನು ಚೆನ್ನಾಗಿ ಕಚ್ಚಿ ಹಿಡಿಯುತ್ತದೆ.

ಇದನ್ನೆಲ್ಲ ಅಪ್ಪನಿಗೆ ಹೇಳಿದರೆ ಅವರದು ಬೇರೆಯೇ ರಾಗ. ‘ಗೆರೆ ನೇರವಾಗಿರಬೇಕು’ ಅಂದರು. ವಿಮಾನದ ಟೈರಿನಲ್ಲಿ ಹೂವು ಬಳ್ಳಿ ಇರುವುದಿಲ್ಲ, ಸುತ್ತಲೂ ನೇರವಾದ ಗೆರೆಗಳು ಮಾತ್ರ. ನೀರು ಆ ಗೆರೆಯಲ್ಲಿ ಹರಿದು ಹೋಗುತ್ತದೆ, ಟೈರು ನೆಲ ಬಿಡುವುದಿಲ್ಲ. ಮತ್ತೆ ಗಾಳಿ ಕಲ್ಲಿನ ಹಾಗೆ ಗಟ್ಟಿ ಇರಬೇಕು. ನಾನು ಶಿವಾಜಿನಗರದ ಗುಜರಿ ಕಡೆಯ ಅಂಗಡಿಗಳಿಂದ, ಹಲಸೂರಿನಿಂದ, ಕೆ.ಆರ್. ಪುರದ ದಾರಿಯಲ್ಲಿದ್ದ ಇನ್ನೊಂದು ಅಂಗಡಿಯಿಂದ ಟೈರುಗಳ ಚಿತ್ರವಿರುವ ಕಾಗದಗಳನ್ನು ತಂದು ತಂದು ಅವರ ಮುಂದೆ ಇಟ್ಟೆ. ಒಂದಕ್ಕೆ ‘ಇದೇನು ರಂಗೋಲಿ?’ ಅಂದರು. ಇನ್ನೊಂದಕ್ಕೆ ‘ಇದು ಟ್ರ್ಯಾಕ್ಟರ್‌ದು’ ಅಂದರು. ಮತ್ತೊಂದನ್ನು ನೋಡಿ ಮೂಗು ಮುರಿದರು. ಒಂದು ದಿನ ನನಗೆ ರೇಗಿಹೋಯಿತು. ‘ಅಪ್ಪ, ನಾನು ರನ್‌ವೇ ಮೇಲೆ ಇಳಿಯಲ್ಲ, ಮಾರ್ಕೆಟ್ ರೋಡ್‌ಗೆ ಹೋಗಿ ಸೊಪ್ಪು ತರ್ತೀನಿ’ ಅಂತ ಕೂಗಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಸ್ವಲ್ಪ ಹೊತ್ತಿಗೆ ಅಮ್ಮ ಒಳಗೆ ಬಂದಳು. ಒಣಗಿದ ಬಟ್ಟೆ ಮಡಿಸುವ ನೆಪ.

‘ನಿಮ್ಮಪ್ಪಂಗೆ ಟೈರಲ್ಲ ಕಣೇ, ಹೆದರಿಕೆ’ ಅಂದಳು.

ಆಗ ನನಗೆ ಮೊದಲ ಸಲ ಆ ಕಥೆ ಗೊತ್ತಾಯಿತು. ನಾನು ಹುಟ್ಟುವ ಮುಂಚೆ ಅಪ್ಪ ಮತ್ತು ಅವರ ವಿಭಾಗದ ಗೆಳೆಯರೊಬ್ಬರು ಒಂದೇ ಬೈಕಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದರಂತೆ. ಗೆಳೆಯರು ಓಡಿಸುವುದು, ಅಪ್ಪ ಹಿಂದೆ ಕೂರುವುದು. ಒಂದು ದಿನ ತುಂತುರು ಮಳೆಯಲ್ಲಿ ಕಗ್ಗದಾಸಪುರದ ರೈಲ್ವೆ ಗೇಟು ದಾಟುವಾಗ ಆ ಗೆಳೆಯರು ಏನೋ ತಮಾಷೆ ಹೇಳಿ ನಗುತ್ತಾ, ಬಲಕ್ಕೆ ವಾಲಿಸಿಕೊಂಡೇ ಕಂಬಿ ಹತ್ತಿಸಿದರು. ಒದ್ದೆ ಕಂಬಿಯ ಮೇಲೆ ಟೈರು ಜಾರಿತು. ಓಡಿಸುತ್ತಿದ್ದವರಿಗೆ ತರಚಿದ ಗಾಯ, ಅಪ್ಪನ ಎಡ ಮಣಿಕಟ್ಟು ಮುರಿಯಿತು. ಅದು ಕೂಡಿಕೊಂಡಾಗ ಸ್ವಲ್ಪ ಸೊಟ್ಟಗೆ ಕೂಡಿಕೊಂಡಿತು. ಅಪ್ಪನ ಎಡಗೈ ಹಾಗಿರುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಅದು ಅವರ ಕೈ ಇರುವ ರೀತಿ, ಅಷ್ಟೇ ಅಂದುಕೊಂಡಿದ್ದೆ.

‘ಅವತ್ತಿಂದ ಯಾರ ಹಿಂದೇನೂ ಕೂತಿಲ್ಲ. ಬಾಯಿ ಬಿಟ್ಟು ಹೆದರಿಕೆ ಅಂತ ಹೇಳೋಕೂ ಬರಲ್ಲ ಅವರಿಗೆ’ ಅಂದಳು ಅಮ್ಮ. ‘ಬಲವಂತ ಮಾಡಬೇಡ.’

ಬಲವಂತ ಮಾಡಬಾರದು ಅಂತ ನಾನೂ ತೀರ್ಮಾನಿಸಿದೆ. ಆದರೆ ಟೈರು ಹೇಗೂ ಬದಲಾಯಿಸಲೇಬೇಕಿತ್ತು. ಮುಂದಿನ ವಾರ ಹಲಸೂರಿಗೆ ಹೊರಟಾಗ ಅಪ್ಪ ಗೇಟಿನ ಹತ್ತಿರ ನಿಂತು, ‘ಹಳೇ ಟೈರ್ ಅಲ್ಲೇ ಬಿಟ್ಟು ಬರಬೇಡ. ಬಿಚ್ಚಿಸಿ ಮನೆಗೆ ತಗೊಂಡು ಬಾ. ಹಿಂದಿಂದು’ ಅಂದರು. ಯಾಕೆ ಅಂದೆ. ಅವರ ವಿಭಾಗದಲ್ಲಿ ಅದೇ ಪದ್ಧತಿಯಂತೆ. ಬಿಚ್ಚಿದ ಟೈರನ್ನು ನೋಡಿ ಮುಗಿಸದೆ ಹೊಸದಕ್ಕೆ ಕೈ ಹಾಕುವಂತಿಲ್ಲ. ವಿಮಾನ ಹೇಗೆ ಇಳಿಯಿತು, ಯಾವ ಕಡೆ ಎಳೆಯಿತು, ಬ್ರೇಕು ಎಲ್ಲಿ ಜೋರಾಗಿ ಬಿತ್ತು ಎಂಬುದನ್ನೆಲ್ಲ ಹಳೆಯ ಟೈರೇ ಹೇಳುತ್ತದಂತೆ.

ಅಂಗಡಿಯ ಯಜಮಾನರಿಗೆ ಇದು ಅರ್ಥವಾಗಲಿಲ್ಲ. ‘ಹಳೇ ಟೈರ್ ಮನೆಗ್ಯಾಕೆ ಮೇಡಮ್? ಉಯ್ಯಾಲೆ ಕಟ್ತೀರಾ?’ ಅಂದರು. ಗಾಡಿಯನ್ನು ಒಂಟಿ ಚಕ್ರದಲ್ಲಿ ಅಂಗಡಿಯೊಳಗೆ ನಿಲ್ಲಿಸಿ, ನಾನು ಆಟೋದಲ್ಲಿ ಟೈರನ್ನು ತೊಡೆಯ ಮೇಲೆ ಕೂರಿಸಿಕೊಂಡು ಮನೆಗೆ ಬಂದೆ. ಚೂಡಿದಾರದ ತುಂಬ ಕಪ್ಪು. ಆಟೋದವನು ಕನ್ನಡಿಯಲ್ಲಿ ನೋಡಿ ನೋಡಿ ನಗುತ್ತಿದ್ದ, ನಾನು ಹೊರಗೆ ನೋಡುತ್ತಾ ಕೂತಿದ್ದೆ.

ಅದು ಭಾನುವಾರದ ಬೆಳಗ್ಗೆ. ಅಪ್ಪ ಅಂಗಳದಲ್ಲಿ ಮಣೆ ಹಾಕಿಕೊಂಡು ಕೂತು, ಟೈರನ್ನು ಮೊಣಕಾಲುಗಳ ಮಧ್ಯೆ ನಿಲ್ಲಿಸಿಕೊಂಡರು. ಪಕ್ಕದಲ್ಲಿದ್ದ ಬಾಣದ ಗುರುತು ನೋಡಿ, ಅದು ಯಾವ ದಿಕ್ಕಿಗೆ ತಿರುಗುತ್ತಿತ್ತು, ಎಡ ಯಾವುದು, ಬಲ ಯಾವುದು ಅಂತ ಮೊದಲು ಗೊತ್ತು ಮಾಡಿಕೊಂಡರು. ಅಮ್ಮನ ರಂಗೋಲಿ ಡಬ್ಬಿಯಿಂದ ಸೀಮೆಸುಣ್ಣ ತರಿಸಿಕೊಂಡು ಒಂದು ಗೆರೆ ಎಳೆದರು. ಆಮೇಲೆ ನಿಧಾನವಾಗಿ ತಿರುಗಿಸುತ್ತಾ ಹೋದರು. ಎರಡೂ ಅಂಚುಗಳನ್ನು ಹೆಬ್ಬೆರಳಿನಿಂದ ಸವರಿದರು. ಇಷ್ಟು ಹತ್ತಿರದಿಂದ ಅವರು ಕೆಲಸ ಮಾಡುವುದನ್ನು ನಾನು ನೋಡಿರಲೇ ಇಲ್ಲ. ಕಾರ್ಖಾನೆಯೊಳಗೆ ನಮ್ಮನ್ನೆಲ್ಲ ಯಾರು ಬಿಡುತ್ತಾರೆ? ಮಣಿಕಟ್ಟು ಸೊಟ್ಟಗಿದ್ದರೂ ಆ ಎಡಗೈ ಟೈರನ್ನು ಎಷ್ಟು ಹಗುರಾಗಿ ತಿರುಗಿಸುತ್ತಿತ್ತು ಎಂಬುದನ್ನು ನೋಡಿ ನನಗೆ ಅವರ ಮೇಲೆ ತುಂಬ ಪ್ರೀತಿ ಉಕ್ಕಿತು.

‘ಇಲ್ಲಿ ಬಾ’ ಅಂದರು. ‘ಇದು ಎಡ. ಅಂಚಿನ ತನಕ ಸವೆದಿದೆ. ಇದು ಬಲ. ಮುಟ್ಟಿ ನೋಡು.’

ಮುಟ್ಟಿದೆ. ಹೊಸ ಟೈರಿನ ಮೇಲೆ ರಬ್ಬರಿನ ಸಣ್ಣ ಕೂದಲುಗಳಿರುತ್ತವಲ್ಲ, ಅವು ಬಲ ಅಂಚಿನಲ್ಲಿ ಹಾಗೇ ಇದ್ದವು. ಎರಡು ವರ್ಷ ಓಡಿಸಿ ನಡು ಬೋಳಾಗಿದ್ದರೂ ಆ ಬಲಗಡೆಯ ಪಟ್ಟಿ ಅಂಗಡಿಯಿಂದ ಬಂದಾಗ ಹೇಗಿತ್ತೋ ಹಾಗೇ ಇತ್ತು.

‘ನಿನಗೆ ಬಲಕ್ಕೆ ತಿರುಗೋಕೆ ಹೆದರಿಕೆ’ ಅಂದರು ಅಪ್ಪ.

ನನಗೆ ಸಿಟ್ಟು ನೆತ್ತಿಗೇರಿತು. ‘ಹೆದರಿಕೆ ಗಿದರಿಕೆ ಏನಿಲ್ಲ. ಬಲಕ್ಕೆ ತಿರುಗೋವಾಗ ಎದುರಿಂದ ಬಸ್ ಬರುತ್ತೆ, ಆಟೋ ನುಗ್ಗುತ್ತೆ. ಎಲ್ಲಾ ನೋಡ್ಕೊಂಡು ನಿಧಾನಕ್ಕೆ ನೆಟ್ಟಗೆ ಹೋಗ್ತೀನಿ.’

‘ಹೂಂ. ಅದಕ್ಕೇ ಹೆದರಿಕೆ ಅನ್ನೋದು.’

ಅಡುಗೆಮನೆಯ ಕಿಟಕಿಯಿಂದ ಅಮ್ಮ ನಕ್ಕದ್ದು ಕೇಳಿಸಿತು. ‘ಅವಳು ಹಾಲಿನ ಬೂತಿಗೆ ಹೋಗೋದನ್ನ ನಾನು ಮಹಡಿ ಮೇಲಿಂದ ನೋಡಿದೀನಿ ರೀ. ಒಂದು ಬಲ ತಿರುವು ತಪ್ಪಿಸೋಕೆ ಮೂರು ಎಡ ತಿರುವು ತಗೊಂಡು ಊರೆಲ್ಲ ಸುತ್ತಿ ಬರ್ತಾಳೆ’ ಅಂದಳು. ಅದು ನಿಜ. ಕಚೇರಿಗೆ ಹೋಗುವಾಗಲೂ ನಾನು ಹಾಗೇ ಮಾಡುತ್ತಿದ್ದೆ. ಆ ದಾರಿಯಲ್ಲಿ ಟ್ರಾಫಿಕ್ ಕಡಿಮೆ ಅಂತ ನನಗೆ ನಾನೇ ಹೇಳಿಕೊಂಡು ಹೇಳಿಕೊಂಡು ಅದನ್ನೇ ನಂಬಿದ್ದೆ. ಹೆತ್ತವರ ಮುಂದೆ ಒಬ್ಬಳ ಮಾನ ಎಷ್ಟು ಹೊತ್ತು ಉಳಿದೀತು ಹೇಳಿ.

ಅಪ್ಪ ನಗಲಿಲ್ಲ. ಟೈರನ್ನು ಗೋಡೆಗೆ ಒರಗಿಸಿದರು. ಆಮೇಲೆ, ‘ಸರಿ. ಕೂತ್ಕೋತೀನಿ’ ಅಂದರು.

ನನಗೆ ತಟ್ಟನೆ ಅರ್ಥವೇ ಆಗಲಿಲ್ಲ. ‘ಏನು?’

‘ಸೆಂಡಾಫ್ ದಿನ ನಿನ್ನ ಹಿಂದೆ ಕೂತ್ಕೋತೀನಿ.’ ಕೈಯ ಸೀಮೆಸುಣ್ಣವನ್ನು ಪಂಚೆಗೆ ಒರೆಸಿಕೊಂಡರು. ‘ಅವತ್ತು ಗಾಡಿ ಓಡಿಸ್ತಿದ್ದೋನಿಗೆ ಹೆದರಿಕೆ ಅನ್ನೋದೇ ಇರಲಿಲ್ಲ. ನೀನೂ ಹಂಗೇ ಅಂದ್ಕೊಂಡಿದ್ದೆ, ಈ ಕೆಂಪು ಗಾಡಿ ನೋಡಿ. ಹೆದರೋರ ಹಿಂದೆ ಕೂತ್ಕೋಬಹುದು.’

ಕಣ್ಣು ತುಂಬಿಬಂತು. ಸಿಟ್ಟೋ ಸಂತೋಷವೋ ನನಗೇ ಗೊತ್ತಿಲ್ಲ. ಅಷ್ಟು ದಿನ ನನ್ನ ಧೈರ್ಯ ತೋರಿಸಿ ಅವರನ್ನು ಒಪ್ಪಿಸಲು ಒದ್ದಾಡಿದ್ದೆ.

‘ಆದ್ರೆ ಒಂದು’ ಅಂದರು ಅಪ್ಪ. ‘ನಮ್ಮ ಗೇಟಿಂದ ಹೊರಗೆ ಬಂದ್ರೆ ಮೊದಲನೇ ತಿರುವೇ ಬಲಕ್ಕೆ. ಸುತ್ತಲೂ ನಮ್ಮ ಡಿಪಾರ್ಟ್‌ಮೆಂಟಿನೋರು ನೋಡ್ತಾ ನಿಂತಿರ್ತಾರೆ. ಮೂರು ಎಡ ತಗೊಂಡು ಹೋಗೋ ಹಾಗಿಲ್ಲ.’

ಹೊಸ ಟೈರು ಆರಿಸಲು ಅವರೇ ನನ್ನ ಜೊತೆ ಬಸ್ಸಿನಲ್ಲಿ ಹಲಸೂರಿಗೆ ಬಂದರು. ಅಂಗಡಿಯಲ್ಲಿ ಒಂದೊಂದೇ ಟೈರನ್ನು ಇಳಿಸಿಸಿ, ಅಂಗೈಯನ್ನು ಅಡ್ಡಲಾಗಿ ಅದರ ಬೆನ್ನಿನ ಮೇಲೆ ಇಟ್ಟು ನೋಡಿದರು. ಹಾಗೆ ನೋಡುತ್ತಾ ತಮ್ಮಷ್ಟಕ್ಕೇ ನಗಲು ಶುರುಮಾಡಿದರು. ‘ನಮ್ಮದು ಮಟ್ಟಸ ಇರುತ್ತೆ. ನೆಲದ ಮೇಲೆ ವಿಮಾನ ವಾಲಲ್ಲವಲ್ಲ. ಇದನ್ನ ವಾಲೋಕೆ ಅಂತಲೇ ದುಂಡಗೆ ಮಾಡಿದಾರೆ. ನಾನು ನೇರ ಗೆರೆ, ನೇರ ಗೆರೆ ಅಂತ ನಿನ್ನ ತಲೆ ತಿಂದೆ’ ಅಂದರು. ಆದರೂ ಪೂರ್ತಿ ಸೋಲಲು ಮನಸ್ಸಿಲ್ಲ. ಮುಂದಿನ ಚಕ್ರಕ್ಕೆ ನೇರ ಗೆರೆಯದೇ ಬೇಕು ಅಂತ ಪಟ್ಟು ಹಿಡಿದರು. ಯಜಮಾನರು, ‘ಅದೇ ಕರೆಕ್ಟ್ ಸಾರ್, ಮುಂದೆ ಅದು ನೆಟ್ಟಗೆ ಹೋಗುತ್ತೆ’ ಅಂದಾಗ ಅಪ್ಪ ನನ್ನ ಕಡೆ ತಿರುಗಿ ನೋಡಿದ ನೋಟ ಇನ್ನೂ ನೆನಪಿದೆ. ಹಿಂದಕ್ಕೆ ಕಂಪನಿಯ ಅಳತೆಯದೇ, ಮೆತ್ತನೆ ರಬ್ಬರಿನ, ಗೆರೆಗಳು ನಡುವಿನಿಂದ ಓರೆಯಾಗಿ ಎರಡೂ ಅಂಚಿಗೆ ಹೋಗುವ ಟೈರು. ದಪ್ಪ ಟೈರಿನ ಲುಕ್ಕಿಗೆ ಅಲ್ಲೇ ತಿಲತರ್ಪಣ ಬಿಟ್ಟೆ.

ಹೊರಡುವಾಗ ಯಜಮಾನರು ಎಚ್ಚರಿಸಿದರು. ‘ಹೊಸ ಟೈರ್ ಜಾರುತ್ತೆ ಮೇಡಮ್. ಮೇಲಿನ ನುಣುಪು ಹೋಗೋ ತನಕ ಹುಷಾರು. ಎರಡೂ ಸೈಡ್ ಚೆನ್ನಾಗಿ ಉಜ್ಜಬೇಕು.’ ಎರಡೂ ಸೈಡ್ ಅಂದಾಗ ಅಪ್ಪ ನನ್ನನ್ನು ನೋಡಿದರು, ನಾನು ಟೈರನ್ನು ನೋಡಿದೆ.

ಎಡಗಡೆ ತಾನಾಗಿಯೇ ಉಜ್ಜಿಕೊಂಡಿತು. ಬಲಗಡೆಯದೇ ಪೇಚಾಟ. ಟ್ರಾಫಿಕ್ಕಿನಲ್ಲಿ ಬಲಕ್ಕೆ ವಾಲಿಸುವ ಧೈರ್ಯವಿಲ್ಲ, ಮಣ್ಣಿನ ಮೈದಾನದಲ್ಲಿ ಸುತ್ತಿದರೆ ಟೈರು ಉಜ್ಜುವುದಿಲ್ಲ. ಉಪಾಯ ಹೇಳಿದ್ದು ಅಮ್ಮ. ಹೊಸ ಟೈರಿಗೆ ಪೂಜೆ ಆಗಲೇಬೇಕು ಅಂತ ನಮ್ಮ ಮನೆಯ ಹತ್ತಿರದ ಗಣಪತಿ ಗುಡಿಗೆ ಗಾಡಿ ತರಿಸಿದ್ದಳು. ಆ ಗುಡಿಗೆ ನಾಲ್ಕೂ ಕಡೆ ಟಾರು ರಸ್ತೆ. ಅರ್ಚಕರು ಮಂಗಳಾರತಿ ಮಾಡಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ನಾನು ಅದನ್ನು ಹಿಸುಕಿ ಮುಂದೆ ಹೋದೆ.

‘ಹಂಗೇ ಒಂದು ಪ್ರದಕ್ಷಿಣೆ ಹಾಕ್ಕೊಂಡು ಬಾ’ ಅಂದಳು ಅಮ್ಮ.

ಗುಡಿಯನ್ನು ಸುತ್ತಿಕೊಂಡು ಬರುವಷ್ಟರಲ್ಲಿ ನನಗೆ ಹೊಳೆಯಿತು. ಪ್ರದಕ್ಷಿಣೆ ಅಂದರೆ ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತುವುದು. ಪ್ರತಿ ಮೂಲೆಯಲ್ಲೂ ಬಲ ತಿರುವು. ನಾನು ಅಪ್ಪನನ್ನು ನೋಡಿದೆ, ಅವರಿಗೂ ಹೊಳೆದಿತ್ತು.

ಮಾರನೆಯ ದಿನದಿಂದ ಬೆಳಿಗ್ಗೆ ಕಚೇರಿಗೆ ಹೊರಡುವ ಮುಂಚೆ ನಾನು ಬೈಕಿನಲ್ಲಿ ಗಣಪತಿಗೆ ಪ್ರದಕ್ಷಿಣೆ ಹಾಕತೊಡಗಿದೆ. ಆ ಹೊತ್ತಿಗೆ ಅಲ್ಲಿ ಹೂವು ಕಟ್ಟುವ ಹೆಂಗಸರು, ವಾಕಿಂಗ್ ಮುಗಿಸಿದ ಹಿರಿಯರು ಬಿಟ್ಟರೆ ಬೇರೆ ಯಾರೂ ಇರುತ್ತಿರಲಿಲ್ಲ. ಮೊದಮೊದಲು ಮೂಲೆಯಲ್ಲಿ ಕೈಕಾಲು ಸೆಟೆದುಕೊಳ್ಳುತ್ತಿತ್ತು. ಅಪ್ಪ ಅಶ್ವತ್ಥಕಟ್ಟೆಯ ಮೇಲೆ ಪೇಪರ್ ಹಿಡಿದು ಕೂತಿರುತ್ತಿದ್ದರು. ನಾನು ಹಾದು ಹೋದಾಗಲೆಲ್ಲ ಪೇಪರಿನ ಮೇಲಿಂದ ಒಂದೇ ಮಾತು: ‘ಇನ್ನೂ.’ ಮುಗಿದ ಮೇಲೆ ಎದ್ದು ಬಂದು ಟೈರಿನ ಬಲ ಅಂಚನ್ನು ಸವರಿ, ಕೂದಲು ಎಲ್ಲಿಯ ತನಕ ಹೋಗಿದೆ ಅಂತ ತೋರಿಸುತ್ತಿದ್ದರು.

ಬೀದಿ ಸುಮ್ಮನಿರುತ್ತದೆಯೇ? ಮದುವೆಯಾಗದ ಹುಡುಗಿ ದಿನಾ ಬೆಳಿಗ್ಗೆ ಗಣಪತಿಯನ್ನು ಸುತ್ತುತ್ತಾಳೆ ಅಂದರೆ ಜನಕ್ಕೆ ಹೊಳೆಯುವುದು ಒಂದೇ. ವಾರ ಕಳೆಯುವುದರಲ್ಲಿ ಅರ್ಚಕರೇ ತಡೆದು ನಿಲ್ಲಿಸಿದರು. ‘ಸಂಕಲ್ಪ ಮಾಡಿಸಿಬಿಡಮ್ಮ, ಬೇಗ ಫಲ ಸಿಗುತ್ತೆ. ಗಂಡು ಯಾವ ಕಡೆಯವರು?’ ಅಂದರು. ನಾನು ಟೈರು ಉಜ್ಜುತ್ತಿದ್ದೇನೆ ಅಂತ ದೇವಸ್ಥಾನದ ಬಾಗಿಲಲ್ಲಿ ನಿಂತು ಹೇಗೆ ಹೇಳಲಿ? ‘ಅಪ್ಪನ ಸಲುವಾಗಿ’ ಅಂದೆ. ಅವರು ಅದನ್ನು ಹೇಗೆ ಅರ್ಥ ಮಾಡಿಕೊಂಡರೋ, ಅಪ್ಪನ ಆರೋಗ್ಯಕ್ಕೆ ಅಂತ ಒಂದು ಅರ್ಚನೆಯನ್ನೂ ಮಾಡಿಬಿಟ್ಟರು. ಆಮೇಲೆ ಒಂದಿಷ್ಟು ದಿನ ಬೀದಿಯವರೆಲ್ಲ ಅಪ್ಪನನ್ನು ಕಂಡರೆ ‘ಈಗ ಹೇಗಿದೀರಿ?’ ಅಂತ ಮೆಲ್ಲಗೆ ಕೇಳುತ್ತಿದ್ದರು. ಅಮ್ಮ ನಕ್ಕು ನಕ್ಕು ಸುಸ್ತಾದಳು.

ಕಡೆಯ ದಿನ ಬಂತು. ಬೆಳಿಗ್ಗೆ ಅಪ್ಪ ಎಂದಿನಂತೆ ಸೈಕಲ್ ಹೊರಗೆ ತೆಗೆಯಲಿಲ್ಲ, ನಡೆದುಕೊಂಡೇ ಹೋದರು. ನಾನು ರಜೆ ಹಾಕಿದ್ದೆ. ಮಧ್ಯಾಹ್ನ ಪೆಟ್ರೋಲ್ ಬಂಕಿಗೆ ಹೋಗಿ ಗಾಳಿ ಹಾಕಿಸಲು ನಿಂತೆ. ಹಿಂದೆ ಒಬ್ಬರು ಕೂರುವುದಿದ್ದರೆ ಹಿಂದಿನ ಟೈರಿಗೆ ಸ್ವಲ್ಪ ಹೆಚ್ಚು ಗಾಳಿ ಬೇಕು, ಗಾಡಿಯ ಮೇಲೇ ಬರೆದಿರುತ್ತದೆ. ಎರಡು ವರ್ಷದಿಂದ ನನಗೆ ಅದರ ಅಗತ್ಯವೇ ಬಿದ್ದಿರಲಿಲ್ಲ. ಗಾಳಿ ಹಾಕುವವನು ಎಂದಿನ ಅಳತೆಗೆ ನಿಲ್ಲಿಸಿದ. ‘ಇಲ್ಲಪ್ಪ, ಇವತ್ತು ಇಬ್ಬರಿಗೆ ಹಾಕು’ ಅಂದೆ.

ಗೇಟಿನ ಹೊರಗೆ ಜೀಪು ನಿಂತೇ ಇತ್ತು, ಮುಂದೆ ಹೂವು ಕಟ್ಟಿಕೊಂಡು. ಅಪ್ಪ ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಾಯಿಸಿರಬೇಕು ಅಂದುಕೊಂಡೆ. ಸೈರನ್ ಕೂಗಿತು. ವಿಭಾಗದವರ ಗುಂಪಿನ ನಡುವೆ ಅಪ್ಪ ಹೊರಗೆ ಬಂದರು. ಕೊರಳಲ್ಲಿ ಸೇವಂತಿಗೆ ಹಾರ, ಹೆಗಲ ಮೇಲೆ ಶಾಲು. ಜೀಪಿನ ಬಾಗಿಲು ತೆರೆದು ಹಿಡಿದಿದ್ದವರು ನಗುಮುಖದ, ದಪ್ಪ ಮೀಸೆಯ ಒಬ್ಬ ಹಿರಿಯರು.

ಅಪ್ಪ ಶಾಲನ್ನು ತೆಗೆದು ಮಡಿಸಿ ಅವರ ಕೈಗೆ ಕೊಟ್ಟರು. ‘ಇದು ಜೀಪಲ್ಲಿ ಬರಲಿ. ನಾನು ಮಗಳ ಜೊತೆ ಬರ್ತೀನಿ.’

ಆ ಹಿರಿಯರ ನಗು ನಿಂತುಹೋಯಿತು. ಅವರು ಅಪ್ಪನ ಎಡಗೈಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅವರು ಯಾರೆಂದು ನನಗೆ ಆಗ ಗೊತ್ತಾಯಿತು. ‘ಹುಷಾರಾಗಿ ಕರ್ಕೊಂಡು ಹೋಗಮ್ಮ’ ಅಂದರು. ‘ಅವತ್ತು ನಾನು ಹುಷಾರಾಗಿರಲಿಲ್ಲ.’

ಅಪ್ಪ ಅವರ ಭುಜ ತಟ್ಟಿ, ಬಂದು ಬೈಕಿನ ಹಿಂದೆ ಕೂತರು. ಗಾಡಿ ಸ್ವಲ್ಪ ತಗ್ಗಿತು. ಅವರು ನನ್ನನ್ನು ಹಿಡಿದುಕೊಳ್ಳಲಿಲ್ಲ, ಹಿಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದರು. ಅವರ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು, ಯಾಲಕ್ಕಿಯ ವಾಸನೆ. ನಾನು ಹೊರಟೆ. ಬಲ ತಿರುವು ಬಂತು. ಎದುರಿನ ಬಸ್ಸು ದೂರದಲ್ಲಿತ್ತು, ರಸ್ತೆ ಒಣಗಿತ್ತು, ಎಲ್ಲ ಸರಿಯಿತ್ತು. ಆದರೂ ನನ್ನ ಮೈ ಸೆಟೆದುಕೊಂಡಿತು, ಗಾಡಿ ನೆಟ್ಟಗೇ ಹೋಗತೊಡಗಿತು. ಅಷ್ಟು ದಿನದ ಪ್ರದಕ್ಷಿಣೆ ಎಲ್ಲಿ ಹೋಯಿತೋ.

ಹಿಂದಿನಿಂದ ಒಂದು ಕೈ ಬಂದು ನನ್ನ ಭುಜದ ಮೇಲೆ ಕೂತಿತು. ಎಡಗೈ, ಸೊಟ್ಟಗಿರುವುದು.

‘ವಾಲು’ ಅಂದರು ಅಪ್ಪ. ‘ನಾನೂ ವಾಲ್ತೀನಿ.’

ವಾಲಿದೆ. ಅಪ್ಪನ ಭಾರ ನನ್ನ ಜೊತೆಯೇ ಬಲಕ್ಕೆ ಬಂತು. ಹಾರದ ಸೇವಂತಿಗೆ ನನ್ನ ಕಿವಿಗೆ ಒರಸಿತು. ಟೈರು ರಸ್ತೆಯನ್ನು ಕಚ್ಚಿ ಹಿಡಿದು, ಗಾಡಿ ಸಲೀಸಾಗಿ ತಿರುಗಿಕೊಂಡು, ಮತ್ತೆ ತಾನೇ ಎದ್ದು ನಿಂತಿತು. ಹಿಂದೆ ಜೀಪಿನವರು ಹಾರ್ನ್ ಹೊಡೆಯುತ್ತಾ ಬರುತ್ತಿದ್ದರು. ಮನೆ ಬರುವ ತನಕ ಅಪ್ಪ ಆ ಕೈಯನ್ನು ತೆಗೆಯಲಿಲ್ಲ.

ಬಾಗಿಲಲ್ಲಿ ಅಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಅವಳ ಕಣ್ಣು ಒದ್ದೆಯಾಗಿತ್ತು. ಅಪ್ಪ ಇಳಿದವರು ಆರತಿಯ ಕಡೆ ನೋಡಲೇ ಇಲ್ಲ. ಕೊರಳಲ್ಲಿ ಹಾರ ಹಾಕಿಕೊಂಡೇ ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತು, ಟೈರಿನ ಬಲ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು.

‘ರೀ, ಎಲ್ಲಾರೂ ಕಾಯ್ತಿದಾರೆ. ಆರತಿ ಆರಿಹೋಗುತ್ತೆ’ ಅಂದಳು ಅಮ್ಮ.

‘ಇನ್ನೂ ಒಂದು ಬೆರಳಗಲ ಕೂದಲು ಉಳಿದಿದೆ’ ಅಂದರು ಅಪ್ಪ ನನಗೆ. ಮುಖ ಮಾತ್ರ ಮೇಲೆತ್ತಲಿಲ್ಲ. ‘ನಾಳೆಯಿಂದ ನನಗೆ ಡ್ಯೂಟಿ ಇಲ್ಲ. ಬೆಳಿಗ್ಗೆ ಕೆ.ಆರ್. ಪುರದ ಕಡೆ ಹೋಗೋಣ. ಆ ದಾರೀಲಿ ಬಲ ತಿರುವು ಜಾಸ್ತಿ ಇವೆ.’